ಆರನೇ ಹಾಸಿಗೆಯ ಕೂಸಿಗೆ ಹದಿಮೂರು ರುಜು

ಮೆಟ್ಟಿಲ ಮೇಲೆ ಯಾರೋ ತಿಂಡಿಯ ಫೂಲ್, ಬೆಂದ ಕಾಳಿನ ಗೊಜ್ಜು, ಚೆಲ್ಲಿದ್ದಾರೆ, ಜಾರಬೇಡ ಬಸಂತ್, ಇವತ್ತೊಂದು ದಿನ ಜಾರಬೇಡ, ಕೈಯಲ್ಲಿ ಕಾಗದ ಇದೆ, ಮೇಲೆ ಹನ್ನೊಂದಕ್ಕೆ ಸುಧಾರಣಾ ಸಮಿತಿ, ಅದರಲ್ಲಿ ಇಂಟರ್ನ್‌ಗಳಿಗೆಂದು ಒಂದು ಕುರ್ಚಿ, ಕಾಲು ಅಲ್ಲಾಡುವ ಆ ಕುರ್ಚಿ ನನ್ನದು — ಕೆಳಗೆ ಮಕ್ಕಳ ವಾರ್ಡಿನಲ್ಲಿ ಆರನೇ ಹಾಸಿಗೆಯಲ್ಲಿ ಜನಾ ಎಂಬ ನಾಲ್ಕು ತಿಂಗಳ ಹೆಣ್ಣುಕೂಸು, ಪಕ್ಕೆ ಒಳಗೆಳೆದು ಉಸಿರಾಡುತ್ತಿದೆ, ಅವಳ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಹೇಳುವ ಯಂತ್ರ ಒಂಬತ್ತೇ ಹೆಜ್ಜೆ ದೂರದ ಕಪಾಟಿನಲ್ಲಿ, ಪ್ಲಾಸ್ಟಿಕ್ ಹೊದ್ದು, ಬೀಗದೊಳಗೆ, ಹದಿನಾಲ್ಕು ತಿಂಗಳಿಂದ, ಗುರುವಾರ ಗುರುವಾರ ಮುಖ್ಯ ದಾದಿ ಮಿಸ್ ಇಹ್ಸಾನ್ ಅದರ ಧೂಳು ಒರೆಸುತ್ತಾರೆ, ಇಡೀ ವಾರ್ಡಿನಲ್ಲಿ ಆರೋಗ್ಯವಾಗಿರುವುದು ಅದೊಂದೇ, ನಾವೋ ಫೋನಿನ ಟಾರ್ಚ್ ಹಾಕಿ ಉಗುರು ನೋಡುತ್ತೇವೆ, ಬೆಳಿಗ್ಗೆ ನೋಡಿದೆ, ಅಕ್ಕಿಕಾಳಿನಷ್ಟು ಉಗುರು, ನೀಲಿಯೋ, ಟಾರ್ಚಿನ ಬಣ್ಣವೋ — ಬೀಗ ತೆಗೀರಿ ಮಿಸ್, ಅಂದೆ, ಉಹ್ದಾ, ಸಾಮಾನಿನ ಹೊಣೆ, ಅಂದ್ರೇನು ಗೊತ್ತಾ ಡಾಕ್ಟ್ರಮ್ಮ, ಅಂದರು, ಆ ಯಂತ್ರ ಬರೆದಿರೋದು ಆಸ್ಪತ್ರೆ ಹೆಸರಲ್ಲಲ್ಲ, ನನ್ನ ಹೆಸರಲ್ಲಿ, ಒಡೆದ್ರೆ ನನ್ನ ತಲೆ, ನೀನು ಎರಡು ತಿಂಗಳಿದ್ದು ಹೋಗ್ತೀಯ, ಮಿಸ್ ಅವಾತಿಫ್ ಕಥೆ ಕೇಳು, ತೋಳಿಗೆ ಕಟ್ಟೋ ಬಿಪಿ ಪಟ್ಟಿ ಒಂದು ಕಳೀತು ಅಂತ ಅವಳ ಪಿಂಚಣಿ ಕಾಗದ ಎಂಟು ತಿಂಗಳು ಕಚೇರಿ ಸುತ್ತಿತು ಕಣೇ — ಮೊದಲು ಇವರ ಮೇಲೆ ಎಷ್ಟು ಉರಿಯುತ್ತಿತ್ತು ನನಗೆ, ಆಮೇಲೆ ಕಂಡೆ, ಊಟ ಬಿಟ್ಟು ಎರಡು ಗಂಟೆ ಜನಾಳ ಮೂಗಿಗೆ ಮಾಸ್ಕ್ ಹಿಡಿದು ಕೂತವರೂ ಇವರೇ, ಬೀಗ ಹಾಕಿದ್ದು ಇವರಲ್ಲ, ಒಂದೇ ಹೆಸರಿಗೆ ಜಾಗವಿರುವ ಆ ನಮೂನೆ ಕಾಗದದ ಗೆರೆ.

ಅದಕ್ಕೇ ಈ ಕಾಗದ, ವಾರವಿಡೀ ಚಹಾದ ಹೊತ್ತಿನಲ್ಲಿ ದಾದಿಯರ ಹಿಂದೆ ಬಿದ್ದೆ, ಯಂತ್ರ ವಾರ್ಡಿನ ಹೆಸರಿಗೆ ಬರಲಿ, ಪಾಳಿಯಿಂದ ಪಾಳಿಗೆ ರುಜು ಮಾಡಿ ಒಪ್ಪಿಸೋಣ, ಅಂದೆ, ರುಜು ಹಾಕ್ತೀನಿ, ಆದ್ರೆ ಮೊದಲ ಹೆಸರು ನಂದು ಬೇಡಪ್ಪ, ಎಂದಳು ಸಬಾಹ್, ಎಲ್ಲರದೂ ಅದೇ ರಾಗ, ಮೊದಲ ಹೆಸರೇ ಮೊದಲು ಸಿಕ್ಕಿಬೀಳೋದು — ಸರಿ ಹಾಗಾದರೆ, ಚಹಾ ಲೋಟ ಬೋರಲು ಹಾಕಿ ಗೆರೆ ಎಳೆದೆ, ಸುತ್ತ ಬರೀರಿ, ಈಗ ಹೇಳಿ ಯಾರು ಮೊದಲು, ಹನ್ನೆರಡು ಹೆಸರು, ಗುಂಡಗೆ.

ಇದೇನು ಡಾಕ್ಟ್ರೇ, ಹೂವಿನ ಚಿತ್ರಾನಾ, ಸಮಿತಿಯ ಮೇಜಿನಾಚೆ ನಿರ್ದೇಶಕ ಡಾಕ್ಟರ್ ಶುಕ್ರಿ ಕನ್ನಡಕ ಏರಿಸುತ್ತಾರೆ, ಉಳಿದವರು ನಗುತ್ತಾರೆ, ನಗಲಿ, ಒಂದು ವಸ್ತುವಿಗೆ ಒಂದು ಹೆಸರು ಕಣಮ್ಮ, ನಿಯಮ — ಮಾತಾಡು ಬಸಂತ್, ಸರ್, ಜವಾಬ್ದಾರಿ ವಾರ್ಡಿನದು ಅಂತ ಹೋದ ವಾರ ಇಲ್ಲೇ ಓದಿದ್ರಲ್ಲ, ವಾರ್ಡಿನ ರುಜು ಹೀಗಿರುತ್ತೆ, ಬೇರೆ ಹೇಗಿರುತ್ತೆ ಹೇಳಿ — ಮಿಸ್ ಇಹ್ಸಾನ್ ಒಪ್ಪಿದ್ರೆ ನನ್ನದೇನೂ ಅಡ್ಡಿಯಿಲ್ಲ, ಎಂದರು ನಿರ್ದೇಶಕರು, ಜಾಣ, ಮತ್ತೆ ಅವರದೇ ತಲೆಗೆ ಕಟ್ಟಿದ, ಎಲ್ಲರ ಕಣ್ಣು ಮೇಜಿನ ತುದಿಯಲ್ಲಿ ಕೂತ ಮಿಸ್ ಮೇಲೆ, ಅವರು ಕಾಗದವನ್ನು ಬಸ್ಸಿನ ಸ್ಟೀರಿಂಗ್ ಹಾಗೆ ತಿರುಗಿಸಿ ತಿರುಗಿಸಿ ಓದುತ್ತಾರೆ, ಸಬಾಹ್ ಕೂಡ ಬರೆದಿದ್ದಾಳಾ, ಜಿರಲೆ ಕಂಡ್ರೆ ಮಂಚ ಹತ್ತೋಳು, ಒಡೆದ್ರೆ ಏನೇ ಬಸಂತ್, ಒಡೆದ್ರೆ ಹನ್ನೆರಡು ಜನ ಅಳ್ತೀವಿ ಮಿಸ್, ನೀವೊಬ್ರೇ ಅಲ್ಲ — ಪೆನ್ನು ಕೊಡು, ಎಂದರು, ಹದಿಮೂರು, ನಿರ್ದೇಶಕರು ಕೆಳಗೆ ಗೀಚಿದರು, ಮೂರು ತಿಂಗಳ ಪ್ರಯೋಗಕ್ಕೆ ಮಾತ್ರ, ಸಾಕು, ಮೂರು ತಿಂಗಳು ಸಾಕು, ಈ ಆಸ್ಪತ್ರೆಯಲ್ಲಿ ಇಂಥ ಕಪಾಟು ಇನ್ನೂ ಹನ್ನೊಂದಿವೆ, ನಾಳೆ ಹೆರಿಗೆ ವಾರ್ಡಿನದು, ನಾನು ಹೋದ ಮೇಲೆ ಬೇರೆ ಯಾರಾದರೂ ಲೋಟ ಬೋರಲು ಹಾಕಲಿ —

ಓಡು, ಮೆಟ್ಟಿಲು, ಓಡು, ಮಿಸ್ ಇಹ್ಸಾನ್ ನನಗಿಂತ ಮುಂದೆ, ಮಂಡಿನೋವು ಎಲ್ಲಿ ಹೋಯಿತೋ, ಕಪಾಟು ತೆರೆಯಿತು, ಪ್ಲಾಸ್ಟಿಕ್ ಹರಿಯಿತು, ಮೆಲ್ಲಗೆ ಕಣೇ, ತಂತಿ ಮೆಲ್ಲಗೆ, ಜನಾಳ ಬೆರಳು, ಬೆರಳ ಮೇಲೆ ಪುಟ್ಟ ಕೆಂಪು ಬೆಳಕು, ಪರದೆಯ ಮೇಲೆ ಎರಡು ಅಡ್ಡಗೆರೆ, ಅಂಕಿ ಇಲ್ಲ, ಇನ್ನೂ ಇಲ್ಲ, ಬರುತ್ತೆ ಇರು, ಎನ್ನುತ್ತಿದ್ದಾರೆ ಮಿಸ್, ಬರುತ್ತೆ, ಬೆಳಕಿನಾಚೆ ಆ ಉಗುರು, ಅಕ್ಕಿಕಾಳಿನಷ್ಟು, ನೀಲಿಯೋ ಅಲ್ಲವೋ, ಇನ್ನು ಟಾರ್ಚಲ್ಲ, ಯಂತ್ರವೇ ಹೇಳಲಿ