ಕಿಟಕಿಯ ಸಂದಿಗೆ ಉಣ್ಣೆ

ವಿಭೂತಿ ಹಚ್ಚಲೆಂದು ಮಗಳ ಹಣೆಯ ಮೇಲೆ ಮೂರು ಬೆರಳಿಟ್ಟ ಮಲ್ಲಪ್ಪನವರು ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡರು.

"ಶರಣಾ, ಇಲ್ಲಿ ಬಾರೋ. ಮೂಗಿನ ಹತ್ರ ಕೈ ಹಿಡದು ನೋಡು."

"ಅಪ್ಪಾ..."

"ನೋಡಂದ್ರ ನೋಡು. ಗಲ್ಲ ಹೆಂಗ ಕೆಂಪಗದಾವ ನೋಡು. ಸತ್ತವರ ಮಾರಿ ಹಿಂಗ ಇರತೈತೇನು?"

ಶಿವಶರಣ ತಂಗಿಯ ಮೂಗಿನ ಬಳಿ ಕೈ ಹಿಡಿದ. ನಂಬಿಕೆಯಿಂದಲ್ಲ, ಅಪ್ಪನ ಸಮಾಧಾನಕ್ಕೆ. ಸ್ವಲ್ಪ ಹೊತ್ತು ಹಾಗೇ ಹಿಡಿದು, ಆಮೇಲೆ ಕೈಯನ್ನು ಜೇಬಿನೊಳಗೆ ಇಳಿಬಿಟ್ಟ.

"ಆ ಗ್ಯಾಸಿನಿಂದ ಹಂಗಾಗತೈತಂತ ಅಪ್ಪಾ. ರಕ್ತದ ಬಣ್ಣಾನ ಬದಲಾಗತೈತಂತ. ಡಾಕ್ಟರು ಹೇಳಿದ್ರು."

ಡಾಕ್ಟರು ಹೇಳಿದ್ದೇನೋ ಸರಿ. ಆದರೂ ಮಲ್ಲಪ್ಪನವರಿಗೆ ಆ ಮುಖ ನೋಡಲು ಹೆದರಿಕೆಯಾಗುತ್ತಿತ್ತು. ಚಳಿಯಿಂದ ಒಳಗೆ ಬಂದು ಒಲೆಯ ಮುಂದೆ ಕುಳಿತವಳ ಹಾಗೆ ದಾನೇಶ್ವರಿ ಮಲಗಿದ್ದಳು. ಇಪ್ಪತ್ತಾರರ ಹುಡುಗಿ. ಕರೆದರೆ "ಏನ್ರೀ ಅಪ್ಪಾ?" ಎಂದು ಏಳುತ್ತಾಳೇನೋ ಎಂಬಂತೆ. ಎದ್ದರೆ ಏನು ಗತಿ, ಏಳದಿದ್ದರೆ ಏನು ಗತಿ ಎಂದು ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಮಾವ, ಲಿಂಗ ನೀವೇ ಇಡ್ತೀರಾ?" ಸೊಸೆ ಲಾಸ್ಯಾ ಮೆಲ್ಲಗೆ ಕೇಳಿದಳು. ಅವಳು ಬೆಂಗಳೂರಿನ ಹುಡುಗಿ, ಈ ಪದ್ಧತಿಗಳನ್ನು ಮದುವೆಯಾದ ಮೇಲೆ ಕಲಿತವಳು.

ಅವರು ಇಷ್ಟಲಿಂಗವನ್ನು ಮಗಳ ಎಡಗೈಯ ಅಂಗೈಯಲ್ಲಿಟ್ಟು ಬೆರಳು ಮಡಚಲು ನೋಡಿದರು. ಬೆರಳು ಮಡಚಲಿಲ್ಲ. ಕೊನೆಗೆ ಶಿವಶರಣನೇ ಬಿಳಿ ಬಟ್ಟೆಯಿಂದ ಸುತ್ತಿ ಕಟ್ಟಿದ.

"ಕೂಡ್ಸಾಕ ಬರೂದಿಲ್ಲೇನೋ ಹಂಗಾರ? ಮತ್ತೊಮ್ಮೆ ಕೇಳು."

"ಕೇಳೀನಪ್ಪಾ. ಈ ಅಮೆರಿಕಾದಾಗ ಪೆಟ್ಟಿಗ್ಯಾಗ ಮಲಗಿಸೇ ಮಣ್ಣು ಮಾಡಬೇಕು. ಬ್ಯಾರೆ ದಾರಿ ಇಲ್ಲ."

ಗದಗಿನಲ್ಲಿ ಅವರ ವಂಶದವರೆಲ್ಲ ಕುಳಿತೇ ಮಣ್ಣು ಸೇರಿದವರು. ಎರಡು ವರ್ಷದ ಹಿಂದೆ ಹೆಂಡತಿ ಈರವ್ವನನ್ನೂ ಹಾಗೇ ಕೂಡಿಸಿದ್ದರು. ಮಗಳು ಒಬ್ಬಳೇ ಅಂಗಾತ ಮಲಗಿ ಹೋಗಬೇಕು.

ಬಾಯಿ ಒಣಗಿತ್ತು. ನೀರು ಹುಡುಕಿಕೊಂಡು ಅವರು ಫ್ಯೂನರಲ್ ಹೋಮಿನ ಕಾರ್ಪೆಟ್ಟು ಹಾಸಿದ ಓಣಿಯಲ್ಲಿ ನಡೆದರು. ಮೂಲೆಯ ಆಚೆ ಹೆಂಗಸರ ಮಾತು ಕೇಳಿಸಿತು. ಒಂದು ದನಿ ನೀಲಾಬಾಯಿಯದು. ಅವರ ಗಂಡ ದೇವೇಂದ್ರಪ್ಪನವರೇ ಈ ದಿನದ ಪೂಜೆ ಮಾಡಿಸುತ್ತಿದ್ದವರು.

"ಕಿಡಕಿ ಸಂದ್ಯಾಗ, ಬಾಗಲ ಬುಡಕ, ಎಲ್ಲಾ ಕಡೆ ಉಲನ್ ತುರಕಿದ್ಳಂತ. ಒಂದೀಟೂ ಗಾಳಿ ಆಡಧಂಗ. ಪೋಲೀಸರು ಶರಣಗ ಅದನ್ನ ಕೇಳ್ಯಾರಂತ."

"ಅಯ್ಯೋ! ಹಾಗಾದ್ರೆ ಬೇಕಂತ್ಲೇನಾ?"

"ಯಾರಿಗ್ಗೊತ್ತರೀ. ಎಲ್ಲಾರೂ ಶೇರು ಶೇರು ಅಂತ ಕುಣಿಯೂ ಹೊತ್ತಿನ್ಯಾಗ ಅಂಥಾ ಕೆಲಸಾ ಬಿಟ್ಟು ಓದಾಕ ಹೋದ್ಳು. ಮದುವಿ ಬ್ಯಾಡ ಅಂದ್ಳು. ಒಬ್ಬಾಕಿನ ಆ ಗೂಡಿನ್ಯಾಗ... ಏನು ಮನಸ್ಸಿನ್ಯಾಗಿತ್ತೋ ಏನೋ."

ಮಲ್ಲಪ್ಪನವರು ಗೋಡೆ ಹಿಡಿದುಕೊಂಡರು. ಆಮೇಲೆ ನೀರು ಕುಡಿಯದೆ, ಬಂದ ದಾರಿಯಲ್ಲೇ ವಾಪಸು ಹೋದರು.

*

ಅಕ್ಟೋಬರಿನಲ್ಲಿ ಮಗ ಅವರನ್ನು ತನ್ನ ಮನೆಯಿದ್ದ ಡ್ಯಾನ್‌ವಿಲ್ಲಿನಿಂದ ಬರ್ಕ್ಲಿಗೆ ಕರೆತಂದು ಮಗಳ ಮನೆಯಲ್ಲಿ ಎರಡು ದಿನ ಬಿಟ್ಟು ಹೋಗಿದ್ದ. ಮನೆಯೆಂದರೆ ಒಂದು ದೊಡ್ಡ ಮನೆಯ ಹಿತ್ತಲಲ್ಲಿದ್ದ ಒಂದೇ ಕೋಣೆ. ಮೂಲೆಯಲ್ಲಿ ಅಡುಗೆಯ ಕಟ್ಟೆ, ಗೋಡೆಯೊಳಗೇ ಕೂಡಿಸಿದ ಹಳೇ ಗ್ಯಾಸಿನ ಹೀಟರು, ಮಂಚದ ಮೇಲೆ ಈರವ್ವ ಹೊಲಿದ ಕೌದಿ. ಹೊರಗೆ ಒಂದು ಗಿಡದ ತುಂಬ ಕಿತ್ತಳೆ ಬಣ್ಣದ ಹಣ್ಣು, ಎಲೆಯೆಲ್ಲ ಉದುರಿ ಹಣ್ಣಷ್ಟೇ ಉಳಿದಿದ್ದವು.

"ಕೈ ಮುಂದ ಚಾಚ್ರಿ ಅಪ್ಪಾ. ಅಳಗ್ಯಾಡಬ್ಯಾಡ್ರಿ."

ದಾನೇಶ್ವರಿ ಹಳೇ ಬಟ್ಟೆಯ ಅಂಗಡಿಯಿಂದ ಯಾರೋ ತೊಟ್ಟು ಬಿಟ್ಟ ಸ್ವೆಟರುಗಳನ್ನು ತರುತ್ತಿದ್ದಳು. ಅವನ್ನು ಬಿಚ್ಚಿ, ಎಳೆಯನ್ನು ತೊಳೆದು ಒಣಗಿಸಿ, ಅದರಿಂದ ಬೇರೆ ಏನಾದರೂ ಹೆಣೆಯುತ್ತಿದ್ದಳು. ಅಪ್ಪನ ಚಾಚಿದ ಎರಡೂ ಕೈಗಳಿಗೆ ನೀಲಿ ಉಣ್ಣೆಯನ್ನು ಸುತ್ತುತ್ತ ಅವಳು ನಡುನಡುವೆ ಚಹಾ ಕುಡಿಯುತ್ತಿದ್ದಳು. ಮಲ್ಲಪ್ಪನವರಿಗೆ ನಗುವೂ ಬಂತು, ಸಂಕಟವೂ ಆಯಿತು.

"ಅಷ್ಟು ದೊಡ್ಡ ಕಂಪನಿ ಬಿಟ್ಟು ಇದನ್ನ ಮಾಡಾಕ ಬಂದೀ ಏನವಾ?"

"ಇದನ್ನೂ ಮಾಡತೀನಿ. ಮುಂಜಾನೆ ಓದತೀನಿ. ಮಧ್ಯಾಹ್ನ ಹುಡುಗರಿಗೆ ಲೆಕ್ಕ ಹೇಳಿಕೊಡತೀನಿ. ಸಂಜಿಗೆ ಬಂದು ಅನ್ನಾ ಸಾರು ಮಾಡಿಕೊಂಡು ರೇಡಿಯೋ ಹಚ್ಚಿ ಹೆಣಕೋತ ಕೂಡತೀನಿ."

"ಮುಂದ?"

"ಮುಂದೇನು? ಮಲಗತೀನಿ."

"ಹಂಗಲ್ಲ ದಾನವ್ವಾ. ಮುಂದ, ಮುಂದ. ಜಲ್ಮಪೂರ್ತಿ."

ಅವಳು ತಲೆ ಎತ್ತಲಿಲ್ಲ. ಗಂಟು ಬಿದ್ದ ಒಂದು ಎಳೆಯನ್ನು ಉಗುರಿನಿಂದ ಬಿಡಿಸುತ್ತಿದ್ದಳು.

"ಸಾಕಪ್ಪಾ ನನಗ," ಎಂದಳು.

ಹೀಟರಿನ ಬಿಸಿಗೆ ಅವರ ಕಾಲು ಹಿತವಾಗಿ ಬೆಚ್ಚಗಾಗಿದ್ದವು. ಕಣ್ಣು ಎಳೆಯುತ್ತಿತ್ತು. ಅವರು ಮತ್ತೆ ಕೇಳಲಿಲ್ಲ.

*

ಸ್ಮಶಾನ ಒಂದು ಗುಡ್ಡದ ಇಳಿಜಾರಿನಲ್ಲಿತ್ತು. ಕಲ್ಲುಗಳೆಲ್ಲ ನೆಲಕ್ಕೆ ಅಂಟಿಕೊಂಡಿದ್ದವು, ಹುಲ್ಲು ಹಸಿರಾಗಿತ್ತು. ದೂರದಲ್ಲಿ ಫ್ರೀವೇಯ ಸದ್ದು ಒಂದೇ ಸಮ ಕೇಳಿಸುತ್ತಿತ್ತು. ದೇವೇಂದ್ರಪ್ಪನವರು ಮಂತ್ರ ಹೇಳುತ್ತ, ಒಣಗಿದ ಬಿಲ್ವಪತ್ರೆಯನ್ನು ಎಲ್ಲರ ಕೈಗೂ ಕೊಟ್ಟರು. ಯಂತ್ರವೊಂದು ಪೆಟ್ಟಿಗೆಯನ್ನು ಗುಂಯ್ ಎನ್ನುತ್ತ ಕೆಳಗೆ ಇಳಿಸಿತು.

ಮಲ್ಲಪ್ಪನವರಿಗೆ ಅದಾವುದೂ ಕಾಣಿಸಲಿಲ್ಲ. ತಲೆಯೊಳಗೆ ಒಂದೇ ಮಾತು ಓಡುತ್ತಿತ್ತು. ಸಾಕಪ್ಪಾ ನನಗ. ತುಂಬಿದ ತಟ್ಟೆಯ ಮುಂದೆ ಕೈಯಡ್ಡ ಹಿಡಿದು ಹೇಳುವ ಸಾಕೋ, ಬದುಕೇ ಬೇಸರವಾದವರು ಹೇಳುವ ಸಾಕೋ? ದನಿ ಹೇಗಿತ್ತು? ಅವಳ ಮುಖ ಕಾಣುತ್ತಿರಲಿಲ್ಲ, ತಲೆ ಬಗ್ಗಿಸಿದ್ದಳು. ಯಾಕೆ ಬಗ್ಗಿಸಿದ್ದಳು? ಗಂಟು ಬಿಡಿಸಲಿಕ್ಕೋ, ಕಣ್ಣು ಮುಚ್ಚಿಕೊಳ್ಳಲಿಕ್ಕೋ? ಎಷ್ಟು ನೆನೆದರೂ ದನಿ ನೆನಪಾಗಲಿಲ್ಲ, ಮಾತಷ್ಟೇ ನೆನಪಾಯಿತು.

ಮಗ ಬೆಳಗಿನಿಂದ ತನ್ನ ಕಣ್ಣಿಗೆ ಕಣ್ಣು ಕೊಟ್ಟಿಲ್ಲವೆಂಬುದು ಅವರಿಗೆ ಈಗ ಹೊಳೆಯಿತು. ಪೋಲೀಸರು ಕೇಳಿದ್ದು ಅವನಿಗೆ ಗೊತ್ತು. ಗೊತ್ತಿದ್ದೂ ಬಚ್ಚಿಟ್ಟಿದ್ದಾನೆ. ಕೇಳಿಬಿಡಲೇ ಎಂದುಕೊಂಡರು. ಕೇಳಿದ ಮೇಲೆ ಅವನು ಹೌದು ಎಂದುಬಿಟ್ಟರೆ?

"ಅಪ್ಪಾ, ಮಣ್ಣು ಹಾಕ್ರಿ," ಎಂದ ಶಿವಶರಣ.

ಒಂದು ಹಿಡಿ ಮಣ್ಣು ತೆಗೆದುಕೊಂಡರು. ಹಾಕಲು ಕೈ ಬಿಚ್ಚಲಿಲ್ಲ. ಲಾಸ್ಯಾ ಬಂದು ಅವರ ಮುಂಗೈ ಹಿಡಿದು ಮೆಲ್ಲಗೆ ಅಲುಗಿಸಿದಾಗ ಮಣ್ಣು ತಾನೇ ಜಾರಿ ಬಿತ್ತು.

ಬಂದವರು ಒಬ್ಬೊಬ್ಬರಾಗಿ ಕೈ ಮುಗಿದು ಕಾರು ಹತ್ತಿದರು. ನೀಲಾಬಾಯಿ ಹತ್ತಿರ ಬಂದು, "ಧೈರ್ಯಾ ತಗೋರಿ ಅಣ್ಣಾರ," ಎಂದು ಕಣ್ಣೊರೆಸಿಕೊಂಡರು. ಅವರ ಕಣ್ಣೀರು ನಿಜವೇ ಇತ್ತು. ಮಲ್ಲಪ್ಪನವರು ಅವರನ್ನೂ ಹೆದರಿಕೊಂಡೇ ನೋಡಿದರು.

"ಮನಿಗೆ ಹೋಗೂಣು ನಡೀರಿ," ಎಂದ ಮಗ.

"ಬ್ಯಾಡ. ಅಕಿ ಖೋಲಿಗೆ ಕರಕೊಂಡು ನಡಿ."

"ಈಗ ಯಾಕಪ್ಪಾ? ಸಾಮಾನು ನಾನು ಆಮ್ಯಾಲೆ..."

"ಈಗ ನಡಿ ಅಂದೆ."

*

ಲಾಸ್ಯಾಳನ್ನು ಮನೆಗೆ ಕಳಿಸಿ ಅಪ್ಪ ಮಗ ಇಬ್ಬರೇ ಬಂದರು. ಬೀಗದ ಕೈ ನಿಸರ್ಗಾಳ ಬಳಿ ಇತ್ತು. ಮಂಡ್ಯದ ಕಡೆಯ ಹುಡುಗಿ, ಮುಂದಿನ ದೊಡ್ಡ ಮನೆಯಲ್ಲಿ ಬಾಡಿಗೆಗೆ ಇದ್ದವಳು. ಬುಧವಾರ ಬೆಳಿಗ್ಗೆ ಕ್ಯಾಂಪಸ್ಸಿಗೆ ಜೊತೆಗೆ ಹೋಗಲು ಬಾಗಿಲು ಬಡಿದು, ಉತ್ತರ ಬರದೆ, ಕಿಟಕಿಯಲ್ಲಿ ಇಣುಕಿ ನೋಡಿದವಳು ಅವಳೇ. ಸ್ಮಶಾನದಿಂದ ತನ್ನ ಗೆಳತಿಯ ಕಾರಿನಲ್ಲಿ ಆಗಲೇ ವಾಪಸು ಬಂದಿದ್ದಳು. ಬಾಗಿಲು ತೆಗೆದು ತಾನು ಹೊಸಿಲಾಚೆಯೇ ನಿಂತಳು.

"ನಂಗೆ ಒಳಗೆ ಬರಕ್ಕೆ ಭಯ ಆಗತ್ತೆ ಅಂಕಲ್. ಸಾರಿ."

ಮಲ್ಲಪ್ಪನವರಿಗೂ ಭಯವೇ. ಆದರೂ ಒಳಗೆ ಹೋದರು. ಕಿಟಕಿಗಳು ಪೂರಾ ತೆರೆದಿದ್ದವು. ಹೀಟರಿಗೆ ಗ್ಯಾಸಿನವರು ಬಳಸಬಾರದೆಂದು ಕೆಂಪು ಚೀಟಿ ಕಟ್ಟಿ ಹೋಗಿದ್ದರು. ಮೇಜಿನ ಮೇಲೆ ಉಣ್ಣೆಯ ತುಂಡುಗಳು ಗುಡ್ಡೆಯಾಗಿ ಬಿದ್ದಿದ್ದವು. ನೀಲಿ, ಕಂದು, ಹಳದಿ. ಸಂದಿಗಳಿಂದ ಕಿತ್ತು ತೆಗೆದವು. ಅವುಗಳನ್ನು ಮುಟ್ಟಲು ಅವರಿಗೆ ಆಗಲಿಲ್ಲ.

"ಏನವಾ," ಹೊಸಿಲಿನತ್ತ ತಿರುಗಿ ಕೇಳಿದರು, "ನಿನಗೇನರ ಹೇಳಿದ್ಳೇನು?"

ಹುಡುಗಿಗೆ ಪ್ರಶ್ನೆ ಅರ್ಥವಾಯಿತು. ಅವಳು ಶಿವಶರಣನ ಮುಖ ನೋಡಿದಳು.

"ಪೊಲೀಸರೂ ನನ್ನ ಅದನ್ನೇ ಕೇಳಿದ್ರು ಅಂಕಲ್. ಅವ್ಳಿಗೆ ಚಳಿ ಅಂದ್ರೆ ಆಗ್ತಿರ್ಲಿಲ್ಲ, ಕಿಟಕಿಯಿಂದ ಗಾಳಿ ಬರತ್ತೆ ಅಂತ ಯಾವಾಗ್ಲೂ ಕಂಪ್ಲೇನ್ ಮಾಡ್ತಿದ್ಳು. ಅದನ್ನ ಹೇಳ್ದೆ. ಬೇಜಾರಲ್ಲಿದ್ಲಾ ಅಂದ್ರು. ಇಲ್ಲ, ಯಾವಾಗ್ಲೂ ನಗ್ತಿದ್ಳು ಅಂದೆ." ಅವಳು ಬೀಗದ ಕೈಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಆಮೇಲೆ ರೂಮಿಗೆ ಹೋಗಿ ಯೋಚ್ನೆ ಮಾಡ್ದೆ. ನಗ್ತಾ ಇರೋರ ಒಳಗೆ ಏನಿದೆ ಅಂತ ನಂಗೇನು ಗೊತ್ತು?"

ಮಲ್ಲಪ್ಪನವರು ಮಗನ ಕಡೆ ತಿರುಗಿದರು. ಇನ್ನು ತಡೆಯಲಾಗಲಿಲ್ಲ.

"ನಿನಗೇನಂದ್ರು?"

"ಯಾರು?"

"ಪೋಲೀಸರು. ಮುಚ್ಚಿಡಬ್ಯಾಡ ಶರಣಾ. ನನಗ ಗೊತ್ತಾಗೇತಿ."

ಶಿವಶರಣ ಮಂಚದ ಅಂಚಿನಲ್ಲಿ ಕುಳಿತ. ಒಳ್ಳೆಯ ಬೂಟು, ಕರೀ ಸೂಟು, ಅದರ ಮೊಣಕಾಲಿನ ಮೇಲೆ ಸ್ಮಶಾನದ ಮಣ್ಣು.

"ಹೀಟರಿನ ಹೊಗಿ ಹೋಗೂ ಕೊಳಿವ್ಯಾಗ ಎಲಿ, ಕಸಾ ತುಂಬಿತ್ತಂತ. ಮಂಗಳವಾರ ಚಳಿ ಭಾಳ ಇತ್ತು, ಹೆಚ್ಚಿಗೆ ಉರಿ ಇಟ್ಟಾಳ. ಹೊಗಿ ಒಳಗ ತಿರಗೇತಿ. ಇದು ಅಪಘಾತ ಇರಬಹುದು ಅಂದ್ರು. ಆದ್ರ ಸಂದಿಗೆಲ್ಲಾ ಹಿಂಗ ತುರಕಿದ್ದು ನೋಡಿ... ಹಂಗೂ ಇರಬಹುದು ಅಂದ್ರು. ಯಾವುದಂತ ಹೇಳಾಕ ಬರೂದಿಲ್ಲ ಅಂದ್ರು."

"ನೀ ಏನಂತೀ?"

ಮಗ ಮೊಣಕಾಲಿನ ಮಣ್ಣನ್ನು ಉಗುರಿನಿಂದ ಕೆರೆದ.

"ಸೋಮವಾರ ಅಕಿ ಫೋನ್ ಮಾಡಿದ್ಳು ಅಪ್ಪಾ. ನಾನು ಮೀಟಿಂಗಿನ್ಯಾಗಿದ್ದೆ. ತಿರುಗಿ ಮಾಡಲಿಲ್ಲ. ಯಾಕ ಮಾಡಿದ್ಳೋ ನನಗ ಗೊತ್ತಿಲ್ಲ. ನಾಕು ದಿನಾ ಆತು, ಕಣ್ಣು ಮುಚ್ಚಿದ್ರ ಅದಽ."

ತೆರೆದ ಕಿಟಕಿಯಿಂದ ಗಾಳಿ ಬೀಸಿ ಮೇಜಿನ ಮೇಲಿನ ಹಳದಿ ತುಂಡೊಂದು ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ. ಮಲ್ಲಪ್ಪನವರಿಗೆ ನೀರು ಬೇಕಾಯಿತು. ಲೋಟ ಹುಡುಕುತ್ತ ಅಡುಗೆ ಕಟ್ಟೆಯ ಮೇಲಿನ ಕಪಾಟು ತೆರೆದರು. ಎರಡು ತಟ್ಟೆ, ಖಾರದ ಡಬ್ಬಿ, ಅಕ್ಕಿ. ಕೆಳಗಿನ ಕಪಾಟಿನ ಮೂಲೆಯಲ್ಲಿ ಒಂದು ಸ್ಟೀಲಿನ ಬೋಗುಣಿ ಬೋರಲಾಗಿತ್ತು. ಅದನ್ನೆತ್ತಿದರು.

ಒಳಗೆ ತಟ್ಟೆಯ ಮೇಲೆ ಬಿಳಿ ಬಟ್ಟೆಯ ಒಂದು ಗಂಟು.

"ಶರಣಾ."

"ಏನಪ್ಪಾ?"

"ಇಲ್ಲಿ ಬಾ."

ದನಿಯಲ್ಲಿದ್ದದ್ದು ಕೇಳಿ ಹೊಸಿಲಾಚೆ ನಿಂತಿದ್ದ ನಿಸರ್ಗಾಳೂ ಒಳಗೆ ಬಂದಳು. ಮಲ್ಲಪ್ಪನವರು ಗಂಟನ್ನು ಅಂಗೈ ಮೇಲಿಟ್ಟುಕೊಂಡಿದ್ದರು. ಬಟ್ಟೆ ಇನ್ನೂ ತಂಪಾಗಿತ್ತು.

"ಹೆಸರುಕಾಳು," ಎಂದರು. "ಮೊಳಕಿ ಬರ್ಲಂತ ಕಟ್ಟ್ಯಾಳ."

"ಯಾವಾಗ?"

"ನಿಮ್ಮವ್ವ ಹೆಂಗ ಮಾಡತಿದ್ಳು? ಮುಂಜಾನೆ ನೀರಾಗ ಹಾಕಿ, ರಾತ್ರಿ ಮಲಗೂಮುಂದ ಬಸದು ಕಟ್ಟಿ ಇಡತಿದ್ಳು. ಮರುದಿನ ಸಂಜಿ ಪಲ್ಯಾಕ." ಅವರ ದನಿ ಒಡೆಯಿತು. "ಇದು ಮಂಗಳವಾರ ರಾತ್ರಿದು, ಶರಣಾ. ಮಲಗೂಮುಂದ ಕಟ್ಟ್ಯಾಳ, ಬುಧವಾರ ಸಂಜಿ ಪಲ್ಯಾಕ."

ಶಿವಶರಣ ಗಂಟನ್ನು ನೋಡಿದ, ಅಪ್ಪನನ್ನು ನೋಡಿದ. ಅವನ ಮುಖ ನಿಧಾನವಾಗಿ ಕುಸಿಯಿತು. ನಾಲ್ಕು ದಿನದಿಂದ ಒಂದು ಹನಿ ಕಣ್ಣೀರು ಹಾಕದವನು ಅಡುಗೆ ಕಟ್ಟೆಗೆ ಒರಗಿ, ಹಾಗೇ ಜಾರಿ ನೆಲಕ್ಕೆ ಕುಳಿತು, ಸೂಟಿನ ತೋಳು ಕಚ್ಚಿಕೊಂಡು ಅಳತೊಡಗಿದ. ನಿಸರ್ಗಾ ಅವನ ಪಕ್ಕದಲ್ಲೇ ಕುಳಿತಳು.

ಮಲ್ಲಪ್ಪನವರು ಗಂಟನ್ನು ಬಿಚ್ಚಲು ನೋಡಿದರು. ಬಿಚ್ಚಲಾಗಲಿಲ್ಲ. ಮೊಳಕೆಗಳು ಉದ್ದಕ್ಕೆ ಬೆಳೆದು ಬಟ್ಟೆಯ ಎಳೆಎಳೆಯ ನಡುವೆ ತೂರಿ ಹೊರಬಂದಿದ್ದವು. ಬೆಳ್ಳಗೆ, ಸಣ್ಣಗೆ, ಒಂದಕ್ಕೊಂದು ಹೆಣೆದುಕೊಂಡು. ಎಳೆದರೆ ಮುರಿಯುತ್ತಿದ್ದವು. ಅವರು ನಲ್ಲಿ ತಿರುಗಿಸಿ, ನೀರು ಸಣ್ಣ ಎಳೆಯಾಗಿ ಮೆಲ್ಲಗೆ ಬೀಳುವಂತೆ ಮಾಡಿ, ಗಂಟನ್ನು ಅದರ ಕೆಳಗೆ ಒಡ್ಡಿ ನಿಂತರು.