ಎಮ್ಮೆ, ಹಂಡೆ, ಪವನಿನ ಸರ

ತೀರ್ಥರಾಮನ ಕಾರಿನ ಭಾಗಗಳಿಗೆ ಮಂಡೆಕೋಲಿನ ಅವನ ಮನೆಯಲ್ಲಿ ಬೇರೆಯೇ ಹೆಸರುಗಳಿದ್ದವು. ಕ್ಲಚ್ಚಿಗೆ ಎಮ್ಮೆ, ರೇಡಿಯೇಟರಿಗೆ ಹಂಡೆ, ಗೇರ್‌ಬಾಕ್ಸಿಗೆ ಸರ. ಯಾವುದನ್ನು ಮಾರಿ ಯಾವುದನ್ನು ರಿಪೇರಿ ಮಾಡಿಸಿದ್ದೋ ಅದೇ ಅದರ ಹೆಸರು. ಹೆಸರಿಟ್ಟವಳು ಅವನ ತಾಯಿ ತಿಮ್ಮಕ್ಕ. ಅಂಗಳ ಗುಡಿಸುತ್ತ "ಇವತ್ತು ಎಮ್ಮೆ ಜಾರುದಿಲ್ಲವಾ?" ಎಂದು ಕೇಳುವಾಗ ಅವಳ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಬಿಟ್ಟುಹೋದ ಕಾರು ಅದು. ಎಂಟು ಸಿಲಿಂಡರು, ಚರ್ಮದ ಸೀಟು, ಹಿಂದೆ ಕುಳಿತವರಿಗೆ ಕಾಲು ಚಾಚುವಷ್ಟು ಜಾಗ. ತೀರ್ಥರಾಮ ಕೊಂಡದ್ದು ಅಗ್ಗಕ್ಕೆ. ಆಮೇಲಿನದು ಅಗ್ಗವಾಗಲಿಲ್ಲ. ಒಂದು ರಬ್ಬರ್ ಬಳೆ ಬೇಕಾದರೂ ಬೊಂಬಾಯಿಗೆ ಬರೆಯಬೇಕು. ಅಲ್ಲಿಂದ ಬಂದದ್ದು ಕೂರುವುದಿಲ್ಲ. ಕೂರಿಸಲು ಪುತ್ತೂರಿನಲ್ಲಿ ಮೆಕ್ಯಾನಿಕ್ ಕುಂಞಿ ಮೋನು ಬೇರೆ ಎರಡನ್ನು ಬಿಚ್ಚಬೇಕು. ಬಿಚ್ಚಿದವು ಮತ್ತೆ ಮೊದಲಿನ ಹಾಗೆ ಆಗುತ್ತಿರಲಿಲ್ಲ.

"ಇದು ನನ್ನ ಕೈಗೆ ಬಗ್ಗುವ ಸಾಮಾನಲ್ಲ ಗೌಡ್ರೆ, ನಾನು ಲಾರಿಯವ," ಎಂದಿದ್ದ ಕುಂಞಿ ಮೋನು. "ಕೊಡುದಾದರೆ ಈಗಲೇ ಕೊಟ್ಟುಬಿಡಿ. ಗುಜರಿಗಾದರೂ ಭಾರ ಉಂಟು."

ತೀರ್ಥರಾಮ ಕೊಡಲಿಲ್ಲ. ಇಷ್ಟೆಲ್ಲ ಹೊಸತು ಹಾಕಿದ ಮೇಲೆ ಹಳತು ಎಷ್ಟು ಉಳಿದೀತು ಎಂದು ಅವನ ಲೆಕ್ಕ. ಹೆಂಡತಿ ಕುಮುದಿನಿ ಹೆರಿಗೆಗೆ ಹೊರಡುವ ಮೊದಲು ಅವಳ ಪೆಟ್ಟಿಗೆಯಿಂದ ಪವನಿನ ಸರ ತೆಗೆದದ್ದು ಅದೇ ಲೆಕ್ಕದಲ್ಲಿ. ಅವಳು ಅಳಲಿಲ್ಲ. "ಕಾರಿಗೆ ಎಂತ ಬೇಕು ಅಂತ ನಿಮಗೆ ಶಬ್ದದಲ್ಲೇ ಗೊತ್ತಾಗ್ತದೆ," ಎಂದಷ್ಟೇ ಹೇಳಿ ಅಣ್ಣನ ಜೊತೆ ಬಸ್ಸು ಹತ್ತಿದ್ದಳು.

ಈಗ ಮಗುವಿಗೆ ಮೂರು ತಿಂಗಳು ತುಂಬಿತ್ತು. ಮಾವ ಕುಕ್ಕಪ್ಪ ಗೌಡರು ಹೇಳಿ ಕಳಿಸಿದ್ದರು: ಜೋಯಿಸರು ನೋಡಿದ ಹೊತ್ತು ಗುರುವಾರ ಹತ್ತು ಗಂಟೆಗೆ ಮುಗಿಯುತ್ತದೆ, ಅಷ್ಟರೊಳಗೆ ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗುವುದಾದರೆ ಹೋಗಲಿ. ಇಲ್ಲದಿದ್ದರೆ ನಾವು ಕಳಿಸುವವರಲ್ಲ.

ಕಾರಿನಲ್ಲೇ ಹೋಗಬೇಕೆಂದು ತೀರ್ಥರಾಮ ನಿಶ್ಚಯಿಸಿದ. ಒಮ್ಮೆ ಆ ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸಿಕೊಂಡು ಕುಳಿತರೆ ಅವಳಿಗೆ ಸರದ ನೆನಪು ಹೋಗುತ್ತದೆ ಎಂದು ಅವನು ನಂಬಿದ್ದ.

ಹಿಂದಿನ ದಿನ ಮಧ್ಯಾಹ್ನ ನೋಡಿದರೆ ಬ್ರೇಕಿನ ಎಣ್ಣೆ ತಳ ಕಂಡಿತ್ತು. ಯಾವಾಗಲೂ ಸೋರುವುದೇ. ಡಬ್ಬದ ಎಣ್ಣೆ ಸಿಗದಾಗ ಹರಳೆಣ್ಣೆ ಹಾಕಿ ಓಡಿಸಿ ಅವನಿಗೆ ಅಭ್ಯಾಸವಿತ್ತು. ಬಾಟಲಿಗೆ ಕೈ ಹಾಕಿದಾಗ ತಿಮ್ಮಕ್ಕ ಅಡ್ಡ ನಿಂತಳು.

"ಅದು ಮಗುವಿಗೆ. ನಾಳೆ ಬಂದ ಕೂಡಲೇ ನೆತ್ತಿಗೆ ಹಚ್ಚಲಿಕ್ಕೆ ಇಟ್ಟದ್ದು. ಅದನ್ನೂ ಆ ಭೂತಕ್ಕೆ ಕುಡಿಸ್ತೀಯಾ?"

ಅವನಿಗೆ ನಾಚಿಕೆಯಾಯಿತು. ಬಹಳ ದಿನಗಳ ಮೇಲೆ ತಾಯಿಯ ಮಾತು ಕೇಳಿದ. ಅಡಿಗೆಮನೆಯ ಡಬ್ಬದಿಂದ ತೆಂಗಿನೆಣ್ಣೆ ಬಗ್ಗಿಸಿ ತಂದು ಹಾಕಿದ. ಪೆಡಲು ಚೆನ್ನಾಗಿ ಮೇಲೆ ಬಂತು. ಎಣ್ಣೆ ಎಣ್ಣೆಯೇ ಎಂದುಕೊಂಡ.

ಮಕರ ತಿಂಗಳ ಚಳಿ. ಬೆಳಿಗ್ಗೆ ಹೊರಟಾಗ ಪೆಡಲು ಕಲ್ಲಿನ ಹಾಗಿತ್ತು. ಗಟ್ಟಿಯಾದಷ್ಟು ಒಳ್ಳೆಯದೆಂದುಕೊಂಡು ಜಾಲ್ಸೂರು ದಾಟಿದ, ಸುಳ್ಯ ದಾಟಿದ. ಪಂಜದ ದಾರಿಯ ಒಂದು ಇಳಿಜಾರಿನಲ್ಲಿ ತಿರುವು ಕಂಡು ಎರಡು ಕಾಲುಗಳಿಂದಲೂ ಒತ್ತಿದ. ಪೆಡಲು ಕೆಳಗೆ ಹೋಯಿತು. ಕಾರು ಕಿರುಚಿ ನಿಂತಿತು. ಆಮೇಲೆ ಪೆಡಲು ಮೇಲೆ ಬರಲಿಲ್ಲ.

ಬಾನೆಟ್ ಎತ್ತಿ ಬ್ರೇಕಿನ ಮುಚ್ಚಳ ತೆಗೆದ. ಒಳಗೆ ಎಣ್ಣೆ ಬೆಳ್ಳಗೆ, ಅಮ್ಮನ ಡಬ್ಬದಲ್ಲಿ ಬೆಳಗಿನ ಹೊತ್ತು ಇರುವ ಹಾಗೆಯೇ, ಮೇಣದಂತೆ ಹೆಪ್ಪುಗಟ್ಟಿತ್ತು. ಹುಟ್ಟಿದಂದಿನಿಂದ ಪ್ರತಿ ಚಳಿಗಾಲ ಅದನ್ನು ಬೆರಳಿನಿಂದ ಕೆತ್ತಿ ತಲೆಗೆ ಹಚ್ಚಿಕೊಂಡವನು ಅವನು. ಆ ಎಣ್ಣೆ ಕಾರಿನೊಳಗೂ ಹಾಗೆಯೇ ಹೆಪ್ಪುಗಟ್ಟೀತು ಎಂದು ಅವನಿಗೆ ಹೊಳೆದಿರಲಿಲ್ಲ.

ಬಿಸಿಲು ಬಿದ್ದರೆ ಕರಗುತ್ತದೆ. ಆದರೆ ಒಂದು ಬದಿ ಗುಡ್ಡ, ನೆರಳು. ಇನ್ನೊಂದು ಬದಿ ಆಳದಲ್ಲಿ ಹರಿಯುವ ತೋಡು. ಅಂಗೈಯಿಂದ ಪೈಪನ್ನು ಉಜ್ಜಿದ. ಪಂಚೆಯ ತುದಿ ಸುತ್ತಿ ಬಾಯಿಯ ಬಿಸಿ ಊದಿದ. ಊದುತ್ತಿದ್ದಂತೆ ಹಿಂದಿನಿಂದ ಬಸ್ಸು ಬಂತು.

ಕಾರಿನ ಅಗಲಕ್ಕೆ ದಾರಿಯೇ ಮುಗಿದುಹೋಗಿತ್ತು. ಡ್ರೈವರ್ ಸುಂದರ ಇಳಿದು ಸುತ್ತ ನೋಡಿದ. "ಇದು ಕಾರಾ, ಮನೆಯಾ ಮಾರಾಯ್ರೆ? ದೂಡಿ."

"ಚಕ್ರ ಹಿಡಿದಿದೆ. ಒಳಗಿನ ಎಣ್ಣೆ ಕರಗಬೇಕು."

"ಪೈಪು ಕಡಿದರೆ ಬಿಡ್ತದೆ."

"ಬಿಟ್ಟರೆ ನಿಲ್ಲುದಿಲ್ಲ. ಹ್ಯಾಂಡ್ ಬ್ರೇಕ್ ಇಲ್ಲ. ಇಳಿಜಾರಲ್ಲಿ ಗೇರು ಹಾರ್ತದೆ."

"ಮತ್ತೆ ಇದರಲ್ಲಿ ಉಂಟಾದ್ದು ಎಂತ?"

ಬಸ್ಸಿನಲ್ಲಿ ಯಾರೋ ನಕ್ಕರು. ಕೋಳಿ ಬುಟ್ಟಿ ಹಿಡಿದ ಬೀಬಿ ಕಿಟಕಿಯಿಂದಲೇ, "ಕಾರು ಕರಗುವಾಗ ನನ್ನ ಕೋಳಿ ಮೊಟ್ಟೆ ಇಟ್ಟೀತು," ಎಂದಳು.

ತೀರ್ಥರಾಮ ಗಡಿಯಾರ ನೋಡಿದ. ಇದೇ ಬಸ್ಸು ಅವನನ್ನು ಮಾವನ ಮನೆಯ ಬಾಗಿಲಿಗೆ ಮುಟ್ಟಿಸಬಲ್ಲದು. ಅದನ್ನು ತಡೆದು ನಿಂತದ್ದು ಅವನದೇ ಕಾರು. ಗುಡ್ಡದ ಕಡೆಗೆ ತಿರುಗಿಸಿದರೆ ಅದು ದಾರಿಗೆ ಅಡ್ಡವಾಗುತ್ತದೆ. ಉಳಿದದ್ದು ತೋಡಿನ ಕಡೆ. ಸುಂದರನಿಗೂ ಅದು ಗೊತ್ತಿತ್ತು. ಅವನು ಬಸ್ಸಿನಿಂದ ಉಳಿ, ಸುತ್ತಿಗೆ ತಂದು ಕೊಟ್ಟ.

ತೀರ್ಥರಾಮ ತಾನೇ ಕೈ ತೂರಿಸಿ ಸ್ಟಿಯರಿಂಗ್ ತಿರುಗಿಸಿದ. ಕಾರಿನ ಅಡಿಗೆ ಮಲಗಿ ಚಕ್ರಗಳ ಪೈಪುಗಳನ್ನು ಒಂದೊಂದಾಗಿ ಕಡಿದ. ಮೆಲ್ಲಗೆ, ಪೇಸ್ಟಿನ ಹಾಗೆ, ಬಿಳಿ ಎಣ್ಣೆ ಹೊರಬಂತು. ಅವನು ಹೊರಳಿ ಬಂದ ಮೇಲೆ ಜನ ಹಿಂದಿನಿಂದ ಕೈ ಕೊಟ್ಟರು. ಎಮ್ಮೆ, ಹಂಡೆ, ಸರ ಒಟ್ಟಿಗೆ ಅಂಚು ದಾಟಿದವು. ಕೆಳಗೆ ಬಿದಿರು ಮುರಿದ ಸದ್ದು ಬಹಳ ಹೊತ್ತು ಕೇಳಿತು. ಬಸ್ಸು ಹತ್ತಿದವನಿಗೆ ಯಾರೋ ಸೀಟು ಬಿಟ್ಟುಕೊಟ್ಟರು, ಸಾವಿನ ಮನೆಗೆ ಹೋಗುವವನಿಗೆ ಬಿಡುವಂತೆ.

ಮಾವನ ಮನೆ ಕಡಬದ ದಾರಿಯಲ್ಲಿ, ಹೊಳೆ ದಾಟುವ ಮೊದಲೇ ಸಿಗುವಂಥದು. ಕುಮುದಿನಿ ಮಗುವನ್ನು ಎತ್ತಿಕೊಂಡು ಚಾವಡಿಯಲ್ಲಿ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಹತ್ತು ದಾಟಿತ್ತು.

"ಕಾರು ಮಲಗಿತಾ ಅಳಿಯಂದಿರೆ?" ಎಂದರು ಕುಕ್ಕಪ್ಪ ಗೌಡರು. "ಹೊತ್ತು ಮೀರಿತು. ಊಟ ಮಾಡಿಕೊಂಡು ಹೋಗಿ."

ಅವನು ಎಲ್ಲವನ್ನೂ ಹೇಳಿದ. ಪೈಪು ಕಡಿದು ತೋಡಿಗೆ ಬಿಟ್ಟದ್ದನ್ನೂ ಹೇಳಿದ. ಕುಮುದಿನಿ ಎದ್ದು ಹತ್ತಿರ ಬಂದಳು.

"ನೀವೇ ಕಡಿದದ್ದಾ?"

"ನಾನೇ."

ಅವಳು ತಂದೆಯ ಕಡೆ ನೋಡಲಿಲ್ಲ. "ಅದನ್ನು ಮೇಲೆ ಎತ್ತಿಸುದಿಲ್ಲ ಅಂತ ಹೇಳಿ. ಹೊತ್ತು ನೋಡುದಿಲ್ಲ ನಾನು. ಇದೇ ಬಸ್ಸು ತಿರುಗಿ ಬರುವಾಗ ಹೊರಡುವ."

ತೀರ್ಥರಾಮ ಬಾಯಿ ತೆರೆದ. ದಾರಿಯುದ್ದಕ್ಕೂ ಅವನು ಯೋಚಿಸುತ್ತಿದ್ದದ್ದು ಮರ ಎಳೆಯುವ ಆನೆಯ ಬಗ್ಗೆ. ಸರಪಳಿ ಹಾಕಿದರೆ ಬಂದೀತು. ಬಿದಿರು ತಡೆದಿದ್ದರೆ ಇಂಜಿನಿಗೆ ಪೆಟ್ಟಾಗಿರಲಿಕ್ಕಿಲ್ಲ. ಸರ ಹಾಕಿದ ಗೇರ್‌ಬಾಕ್ಸು ಮಧ್ಯದಲ್ಲಿದೆ, ಅದಕ್ಕಂತೂ ಏನೂ ಆಗಿರುವುದಿಲ್ಲ.

ಅವಳು ಕಾದಳು. ಮಗು ಅವನ ಕೈಯ ಎಣ್ಣೆಯ ವಾಸನೆಗೆ ಮುಖ ತಿರುಗಿಸಿತು.

"ಕುಮುದಿನಿ, ಗೇರ್‌ಬಾಕ್ಸು ಮಾತ್ರ..." ಎಂದ.

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಬಗ್ಗಿ, ಒಂದೇ ಕೈಯಲ್ಲಿ ಪೆಟ್ಟಿಗೆಯನ್ನು ಎಳೆಯುತ್ತ ಒಳಗೆ ಹೋದಳು.