ಹುಬ್ಬಿನ ಚಿಮುಟ

ಮತ್ತೆ ಕಿಟಕಿಯ ಹತ್ತಿರ ಬಗ್ಗಿ ನಿಂತರು, ದಿನವಿಡೀ ಬೆನ್ನುನೋವು ಅಂತ ಗೋಳಾಡುವ ನನ್ನ ಗಂಡ, ಈಗ ಎಲ್ಲಿ ಹೋಯಿತೋ ಆ ನೋವು, ಮಣ್ಣು ತುಂಬಿದ ಮೊಸರಿನ ಡಬ್ಬಿಯೊಳಕ್ಕೆ ಮೂಗು ತೂರಿಸಿ, ಕೈಯಲ್ಲಿ ಚಿಮುಟ — ಮಗಳು ಹುಬ್ಬು ತೀಡಿಕೊಳ್ಳುತ್ತಿದ್ದದ್ದು, ಅವಳು ಬಿಟ್ಟುಹೋದದ್ದರಲ್ಲಿ ಇವರು ಎಸೆಯದೆ ಉಳಿಸಿದ್ದು ಇದೊಂದೇ — ಸಸಿಗಳ ಮೇಲೆ ಬಾಯಿ ತೆರೆದುಕೊಂಡು ನಡುಗುತ್ತಿದೆ, ಮುಚ್ಚುತ್ತಿಲ್ಲ, ಅಬ್ಬಬ್ಬಾ ಏನು ಗಾಂಭೀರ್ಯ, ಹೆರಿಗೆ ಮಾಡಿಸುವ ಡಾಕ್ಟರಿಗೂ ಇಷ್ಟಿರಲಿಕ್ಕಿಲ್ಲ. ಪೆಟೂನಿಯಾ ಅನ್ನೋ ಹೂವಿನ ಸಸಿಯಂತೆ. ಧೂಳಿನಂಥ ಬೀಜ, ಮೊದಲ ಸಲ ಬೀನ್ಸ್ ಬೀಜದ ಹಾಗೆ ಬೆರಳಾಳ ಹೂತು, ಮಣ್ಣು ತಟ್ಟಿ, ದಿನಾ ಬೆಳಿಗ್ಗೆ ಇಣುಕಿ, ಒಂದೂ ಮೊಳೆಯದೆ, ಅಂಗಡಿಯವನು ಮೋಸ ಮಾಡಿದ ಕಣೇ, ಕಳ್ಳ ನನ್ಮಗ. ಈ ಬೀಜಕ್ಕೆ ಬೆಳಕು ಬೇಕು, ಮುಚ್ಚಬೇಡಿ ಅಂತ ಪೊಟ್ಟಣದ ಹಿಂದೆಯೇ ಇತ್ತು, ಓದಬೇಕಲ್ಲ ಮಹಾರಾಯರು! ಎರಡನೆಯ ಸಲ, ಮರಳಲ್ಲಿ ಕಲಸಿ ಉದುರಿಸಿ ಅಂದೆ, ನಂಗೆ ಹೇಳ್ಕೊಡೋಕೆ ಬರ್ಬೇಡ ಅಂತ ಕೊಡವಿದರು, ಪೊಟ್ಟಣ ಪೂರ್ತಿ ಒಂದೇ ಡಬ್ಬಿಗೆ, ಈಗ ಎದ್ದಿವೆ ಬಸ್ಸಿಗೆ ನುಗ್ಗುವ ಜನರ ಹಾಗೆ ಒಂದರ ಮೇಲೊಂದು, ಹೆಚ್ಚಿನವನ್ನು ಕೀಳದಿದ್ದರೆ ಎಲ್ಲವೂ ಕೊಳೆಯುತ್ತವೆ, ಕೀಳಲು ಕೈ ಬಾರದು. ಪಾಪ ಕಣೇ, ಜೀವ ಇದೆ ಅದಕ್ಕೆ.

ಜೀವವಂತೆ! ಟೈಲರ್ ಅಂದರೆ ಇವರೇ ಅಂತ ಬೀದಿಗೆಲ್ಲ ಹೆಸರು, ಕತ್ತರಿ ಹಿಡಿದ ಕೈ ನಡುಗಿದ್ದೇ ಇಲ್ಲ, ಮಗಳು ತಾನು ಮೆಚ್ಚಿದವನನ್ನು ಕಟ್ಟಿಕೊಂಡು ಬಾಗಿಲಲ್ಲಿ ನಿಂತ ದಿನವೂ ಇಲ್ಲ, ಯಾರದೋ ಕೋಟಿನ ಬಟ್ಟೆ ಕತ್ತರಿಸುತ್ತ, ತಲೆಯನ್ನೂ ಎತ್ತದೆ, ಕತ್ತರಿಸಿದ್ದು ಕತ್ತರಿಸಿದ್ದೇ, ಇನ್ನು ಈ ಹೊಸಿಲು ತುಳೀಬೇಡ ಅಂದರು. ಸೀಮೆಸುಣ್ಣದ ಗೆರೆಯಿಂದ ಕತ್ತರಿ ಒಂದು ನೂಲೂ ಆಚೀಚೆ ಹೋಗಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ, ಈಗ ಊರೂ ಬೇಡವಾಗಿ ಪೆಟೂನಿಯಾಕ್ಕೆ ಉಪಕಾರಿ. ಇವತ್ತು ಬೆಳಿಗ್ಗೆ ಮಗಳ ಫೋನು, ಅಮ್ಮಾ, ಭಾನುವಾರ ಮಗೂನ ಕರ್ಕೊಂಡು ಬರ್ಲಾ, ಅಪ್ಪನ್ನ ಕೇಳು, ಬೇಡ ಅಂದ್ರೆ ಇನ್ನು ಯಾವತ್ತೂ ಕೇಳಲ್ಲ. ನಾನು ಇನ್ನೂ ಎತ್ತಿಕೊಳ್ಳದ ಮೊಮ್ಮಗು, ಆಗಲೇ ಹಲ್ಲು ಬಂದಿದೆಯಂತೆ. ಇವರನ್ನು ಕೇಳಿದೆ. ಈಗ ಕೈ ಖಾಲಿ ಇಲ್ಲ ಕಣೇ, ಚಿಮುಟ ಎತ್ತಿ ತೋರಿಸಿದರು. ಬಾಯಿಗೇನು ಬೀಗ ಬಿದ್ದಿದೆಯೇ, ಹೇಡಿ, ಹೌದು ಹೇಡಿಯೇ — ಫೋನು ಮತ್ತೆ, ಅವಳೇ, ಹೋಗಿ ಚಿಮುಟ ಕಿತ್ತುಕೊಂಡೆ, ತಗೊಳ್ಳಿ, ಈಗ ಖಾಲಿ ಆಯ್ತಲ್ಲ, ಸ್ಪೀಕರ್ ಹಾಕಿ ಎಡಗೈಗೆ ಫೋನು ತುರುಕಿದೆ, ಅತ್ತಲಿಂದ ಅವಳು, ಹಲೋ, ಅಮ್ಮಾ, ಏನಂದ್ರು ಅಪ್ಪ, ಬಿಗಿಯಾಗಿ ಹಿಡಿದಿದ್ದಾರೆ ಇವರು, ಕೆಳಗಿಡುತ್ತಿಲ್ಲ, ಅಮ್ಮಾ, ಕೇಳಿಸ್ತಾ ಇದ್ಯಾ, ಆಮೇಲೆ ಸಣ್ಣಗೆ, ಅಪ್ಪಾ, ನೀವಾ — ಬಲಗೈಯ ಆ ಎರಡು ಬೆರಳು, ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿದ ಬೆರಳು, ಚಿಮುಟವಿಲ್ಲದೆಯೂ ಅಷ್ಟೇ ತೆರೆದುಕೊಂಡು, ಸಸಿಗಳ ಮೇಲೆ, ನಡುಗುತ್ತಿವೆ, ಮುಚ್ಚುತ್ತಿಲ್ಲ